ಸೈಕಲ್ಲಿಗೆ ವಾಲ್ವ್ ಕೀಲಿಯನ್ನು ಅಡ್ಡ ಕಟ್ಟುವ ಬಗ್ಗೆ

ನೀರು ಸರಬರಾಜು ಇಲಾಖೆ, ಉಪಶಾಖೆಯ ಕಚೇರಿ
(ಕಚೇರಿ ಪ್ರತಿ)

ಸಂಖ್ಯೆ: ನೀಸ/ಸೈಕಲ್/ಗೆರೆ/1/ತಿದ್ದುಪಡಿ-3
ದಿನಾಂಕ: ಮೊಹರಿನ ಕೆಳಗಿದೆ, ಓದಲಾಗುವುದಿಲ್ಲ

ಸುತ್ತೋಲೆ

ವಿಷಯ: ಇಲಾಖೆಯ ಕೆಲಸದ ಮೇಲೆ ಸೈಕಲ್ ತುಳಿಯುವ ನೌಕರರು, ಹಿಂದಿನಿಂದ ಮೈಮೇಲೆ ಬರುವ ವಾಹನಗಳ ವಿಷಯದಲ್ಲಿ ನಡೆದುಕೊಳ್ಳಬೇಕಾದ ರೀತಿ, ಮೇಲಧಿಕಾರಿಗಳ ಜೀಪಿನ ಎಡಮಗ್ಗುಲಲ್ಲಿ ಮೂಡಿರುವ ಗೆರೆ, ಹಾಗೂ ಮೂರು ದಿನಗಳಿಂದ ಊರಿಗೆ ನೀರು ಬಾರದಿರುವುದು — ಕುರಿತು.

ಉಲ್ಲೇಖ:
1. ಜೀಪ್ ಚಾಲಕರ ದೂರು. ಒಂದು ಹಾಳೆ, ಎರಡೂ ಬದಿ.
2. ನೀರು ಬಿಡುವವರ ಹೇಳಿಕೆ. ಬಾಯಲ್ಲಿ ಹೇಳಿದ್ದು, ಹೇಳಿದಂತೆಯೇ ಬರೆದುಕೊಂಡದ್ದು.
3. ಚಹಾ ಅಂಗಡಿಯವರ ಸಾಕ್ಷ್ಯ. ಕರೆಯದೆ ಬಂದು ಹೇಳಿದ್ದು.
4. ಕಚೇರಿಯ ಶೌಚಾಲಯದ ಬಾಗಿಲಿಗೆ ಯಾರೋ ಅಂಟಿಸಿದ್ದ ಚೀಟಿ.

ಪ್ರಸ್ತಾವನೆ

ಚಳಿ ಹಿಂದೆಗೆಯುತ್ತಿರುವ ದಿನಗಳಿವು. ಹೊಲಗಳಲ್ಲಿ ಕೊಯ್ಲು ಮುಗಿದು ಬರಿಯ ಕೂಳೆ ನಿಂತಿದೆ. ರಸ್ತೆಯ ಮೇಲಿನ ಮಂಜು ಏಳಬೇಕಾದರೆ ಏಳು ಗಂಟೆಯಾದರೂ ಆಗುತ್ತದೆ. ಇಂಥ ಹೊತ್ತಿನಲ್ಲಿ, ಬೆಳಗಿನ ಐದೂವರೆಗೆಲ್ಲ, ಪಂಪ್‌ಹೌಸಿನ ಗೇಟಿನಿಂದ ಒಂದು ಸೈಕಲ್ ಹೊರಬೀಳುತ್ತದೆ ಎಂಬುದು ಕಡತಗಳಿಂದ ಕಂಡುಬಂದಿದೆ. ಸದರಿ ಸೈಕಲ್ಲಿನ ಮೇಲಿರುವವರು ಈ ಶಾಖೆಯ ನೀರು ಬಿಡುವವರು. ಇಪ್ಪತ್ತಾರು ವರ್ಷದ ಸೇವೆ, ಇನ್ನೆರಡು ಬಾಕಿ. ಹಾಜರಿ ಪುಸ್ತಕದಲ್ಲಿ ಅವರಿಗೊಂದು ಹೆಸರಿದೆ. ಆದರೆ ಪುಸ್ತಕದ ಹೆಸರು ಹಿಡಿದು ಕೂಗಿದರೆ ಅವರು ತಿರುಗಿ ನೋಡುವುದಿಲ್ಲವೆಂದೂ, ‘ಕೀಲಿಯಣ್ಣ’ ಎಂದರೆ ಅರ್ಧ ಮೈಲಿ ದೂರದಿಂದಲೂ ಓಗೊಡುತ್ತಾರೆಂದೂ ವರದಿಯಾಗಿರುವುದರಿಂದ ಈ ಸುತ್ತೋಲೆಯಲ್ಲಿಯೂ ಹಾಗೆಯೇ ನಮೂದಿಸಲಾಗಿದೆ.

ಕೀಲಿಯಣ್ಣನವರ ಕೆಲಸ ಹನ್ನೊಂದು ವಾಲ್ವ್‌ಗಳನ್ನು ತಿರುಗಿಸುವುದು. ರಸ್ತೆಯ ಅಂಚಿನಲ್ಲಿ ಕಬ್ಬಿಣದ ಮುಚ್ಚಳ ಎತ್ತಿ, ನಾಲ್ಕೂವರೆ ಅಡಿ ಉದ್ದದ ಕೀಲಿಯನ್ನು ಗುಂಡಿಯೊಳಗೆ ಇಳಿಸಿ, ಅದರ ತಲೆಯ ಅಡ್ಡಹಿಡಿಯನ್ನು ಎರಡೂ ಕೈಯಲ್ಲಿ ಹಿಡಿದು ಮೂವತ್ತೆಂಟು ಸುತ್ತು ತಿರುಗಿಸಿದರೆ ಒಂದು ಬೀದಿಗೆ ನೀರು. ಹನ್ನೊಂದನ್ನೂ ತಿರುಗಿಸಿದರೆ ಊರಿಗೆಲ್ಲ ನೀರು. ಮೊದಲ ವಾಲ್ವಿನಿಂದ ಕೊನೆಯದಕ್ಕೆ ಆರು ಮೈಲಿ. ಈ ಆರು ಮೈಲಿಯೂ ಹೆದ್ದಾರಿಗೆ ಕೂಡುವ ರಸ್ತೆ. ಅದನ್ನು ಅಗಲ ಮಾಡಿದ ಮೇಲೆ ವಾಹನಗಳ ವೇಗ ಹೆಚ್ಚಿದೆ. ಸೈಕಲ್ಲಿಗೆ ಬಿಟ್ಟ ಅಂಚು ಮಾತ್ರ ಮೊದಲು ಎಷ್ಟಿತ್ತೋ ಅಷ್ಟೇ ಇದೆ, ಕೆಲವು ಕಡೆ ಅಷ್ಟೂ ಇಲ್ಲ.

ಆ ಅಂಚಿನಲ್ಲಿ ಕೀಲಿಯಣ್ಣನವರು ಕಳೆದ ಒಂದು ವರ್ಷದಲ್ಲಿ ಮೂರು ಸಲ ಬಿದ್ದಿರುತ್ತಾರೆ. ಒಮ್ಮೆ ಜಲ್ಲಿ ಲಾರಿ, ಒಮ್ಮೆ ಮದುವೆಗೆ ಹೊರಟ ವ್ಯಾನು, ಒಮ್ಮೆ ಏನೆಂದು ತಲೆಯೆತ್ತಿ ನೋಡುವಷ್ಟರಲ್ಲಿ ಹೋಗಿಬಿಟ್ಟದ್ದು. ಮೂರನೆಯ ಸಲ ಕೀಲಿ ಹಾರಿ ಹೊಲದೊಳಗೆ ಬಿದ್ದಿತು. ಅದನ್ನು ಹುಡುಕಲು ಎರಡು ಗಂಟೆ ಹಿಡಿದು ಐದು ಬೀದಿಗಳಿಗೆ ನೀರು ತಡವಾದದ್ದಕ್ಕೆ ಅವರಿಗೆ ಮೆಮೊ ನೀಡಲಾಗಿತ್ತು. ಅವರ ಮೊಣಕಾಲಿನ ಬಗ್ಗೆ ಯಾವುದೇ ಪತ್ರವ್ಯವಹಾರ ನಡೆದಿರುವುದಿಲ್ಲ.

ಮಾರನೆಯ ದಿನದಿಂದ ಕೀಲಿಯಣ್ಣನವರು, ಯಾರ ಪೂರ್ವಾನುಮತಿಯನ್ನೂ ಪಡೆಯದೆ, ಸದರಿ ಕೀಲಿಯನ್ನು ಸೈಕಲ್ಲಿನ ಉದ್ದಕ್ಕೆ ಕಟ್ಟುವುದನ್ನು ಬಿಟ್ಟು ಕ್ಯಾರಿಯರಿನ ಮೇಲೆ ಅಡ್ಡಕ್ಕೆ ಕಟ್ಟತೊಡಗಿದರು. ಎಡಕ್ಕೆ ಒಂದು ಗೇಣು, ಬಲಕ್ಕೆ ಉಳಿದದ್ದೆಲ್ಲ. ಬಲತುದಿಗೆ ಅವರ ಹೆಂಡತಿಯವರು ತಮ್ಮ ಹಳೆಯ ಕೆಂಪು ರವಿಕೆಯ ಒಂದು ತುಂಡನ್ನು ಬಿಗಿಯಾಗಿ ಕಟ್ಟಿಕೊಟ್ಟರು. ಅಂದಿನಿಂದ ಲಾರಿಗಳು ಸುತ್ತುಹಾಕಿ ಹೋದವು. ಬಸ್ಸುಗಳು ಉಸಿರು ಬಿಗಿಹಿಡಿದು ನಿಧಾನಿಸಿದವು. ವ್ಯಾನಿನವರು ಬಯ್ದರು, ಆದರೆ ದೂರದಿಂದ ಬಯ್ದರು. ನಲವತ್ತೇಳು ದಿನ ಕೀಲಿಯಣ್ಣನವರು ಬೀಳಲಿಲ್ಲ.

ನಲವತ್ತೆಂಟನೆಯ ದಿನ ಇಲಾಖೆಯದೇ ಜೀಪು ಬಂತು.

ಜೀಪಿನ ಹಿಂದಿನ ಸೀಟಿನಲ್ಲಿ ಮೇಲಧಿಕಾರಿಗಳು, ಅಂದು ರಸ್ತೆ ಸುರಕ್ಷತೆಯ ಸಭೆಯಲ್ಲಿ ಓದಬೇಕಾಗಿದ್ದ ಭಾಷಣವನ್ನು ಒಂದು ಸಲ ಕಣ್ಣಾಡಿಸುತ್ತಿದ್ದರು. ‘ಸೈಕಲ್ ಸವಾರರು ನಮ್ಮ ಒಡಹುಟ್ಟಿದವರಿದ್ದಂತೆ’ ಎಂಬ ಸಾಲಿಗೆ ಬಂದಾಗ ಎಡಗಡೆಯಿಂದ ಕರ್ರೆಂದು ಶಬ್ದ ಕೇಳಿಬಂದುದಾಗಿ ಅವರೇ ಒಪ್ಪಿರುತ್ತಾರೆ. ಮುಂಬಾಗಿಲಿನಿಂದ ಹಿಂಬಾಗಿಲಿನವರೆಗೆ ಒಂದು ಗೆರೆ ಬಿದ್ದಿದೆ. ಈ ಶಾಖೆಯ ಯಾವ ನಕ್ಷೆಯಲ್ಲಿಯೂ ಇಷ್ಟು ನೆಟ್ಟಗಿನ ಗೆರೆ ಇಲ್ಲವೆಂದು ನಕ್ಷೆಗಾರರು ಷರಾ ಬರೆದಿರುತ್ತಾರೆ. ಸೈಕಲ್ಲೂ ಕೀಲಿಯಣ್ಣನವರೂ ಚರಂಡಿಯಲ್ಲಿ ಬಿದ್ದಿದ್ದರು. ಮುಂದಿನದ್ದು ಎದುರಿನ ಚಹಾ ಅಂಗಡಿಯ ಅಕ್ಕನವರ ಸಾಕ್ಷ್ಯದಿಂದ:

“ಜೀಪು ನಿಂತಿತು. ಡ್ರೈವರ್ರು ಇಳಿದ. ಇಳಿದೋನು ಮೊದಲು ಎಲ್ಲಿಗೆ ಹೋದ ಅಂತೀರಿ? ಬಾಗಿಲ ಹತ್ರ. ಬೆರಳಿಗೆ ಉಗುಳು ಹಚ್ಚಿ ಗೆರೆ ಒರೆಸಿ ನೋಡಿದ. ಹೋಗಲಿಲ್ಲ. ಆಮೇಲೆ ಚರಂಡಿ ಕಡೆ ತಿರುಗಿ, ‘ಏನಯ್ಯಾ, ಕಣ್ಣು ಮನೇಲಿಟ್ಟು ಬಂದಿದ್ದೀಯಾ? ಯಾರ ಗಾಡಿ ಗೊತ್ತಾ ಇದು?’ ಅಂದ. ಕೀಲಿಯಣ್ಣ ಚರಂಡಿಯೊಳಗೇ ಕೂತ್ಕೊಂಡು, ‘ಗಾಡಿ ಯಾರದ್ದಾದ್ರೇನಪ್ಪಾ, ಮೊಣಕಾಲು ನಂದು’ ಅಂದ. ಒಳಗಿಂದ ಸಾಹೇಬರು, ‘ಯಾಕೋ ನಿಲ್ಲಿಸಿದೆ? ಹೊತ್ತಾಯ್ತು. ಸುರಕ್ಷತೆ ಸಭೆ, ಸ್ವಲ್ಪ ಜೋರಾಗಿ ಹೊಡಿ’ ಅಂದ್ರು. ನಾನು ಲೋಟ ತೊಳೀತಾ ನಿಂತಿದ್ದೆ. ಮನುಷ್ಯ ಬಿದ್ದಿದ್ದಾನೆ, ‘ಪೆಟ್ಟಾಯ್ತಾ’ ಅಂತ ಇಬ್ಬರಲ್ಲಿ ಒಬ್ಬರೂ ಕೇಳಲಿಲ್ಲ. ನಾನು ಕಂಡಿದ್ದು ಇಷ್ಟೇ. ಇದನ್ನೂ ಬರ್ಕೊಳ್ಳಿ ಬೇಕಾದ್ರೆ: ಆ ಡ್ರೈವರ್ರು ದಿನಾ ನನ್ನ ಅಂಗಡೀಲಿ ಟೀ ಕುಡಿಯೋನು. ಇನ್ಮೇಲೆ ಅವನ ಟೀಗೆ ಸಕ್ಕರೆ ಹಾಕಲ್ಲ.”

ಬರೆದುಕೊಳ್ಳಲಾಗಿದೆ.

ಚಾಲಕರು ತಮ್ಮ ದೂರಿನಲ್ಲಿ ಸದರಿ ಕೀಲಿಯನ್ನು ‘ಆಯುಧ’ ಎಂದು ಬಣ್ಣಿಸಿದ್ದರಿಂದ ಅದನ್ನು ಅಂದೇ ವಶಪಡಿಸಿಕೊಂಡು, ಬಟ್ಟೆಯಲ್ಲಿ ಸುತ್ತಿ, ಅರಗಿನ ಮುದ್ರೆ ಒತ್ತಿ ಕಚೇರಿಯ ಬೀರುವಿನಲ್ಲಿ ಇಡಲಾಯಿತು. ಬೀರು ನಾಲ್ಕಡಿಯದಾದ್ದರಿಂದ ಬಾಗಿಲು ಮುಚ್ಚಿಕೊಳ್ಳಲಿಲ್ಲ. ಅರ್ಧ ಅಡಿ ಕೀಲಿ ಮೂರು ದಿನವೂ ಹೊರಗೆ ಚಾಚಿಕೊಂಡಿದ್ದು, ಓಡಾಡುವ ಸಿಬ್ಬಂದಿ ದೂರದಿಂದಲೇ ಸುತ್ತುಹಾಕಿ ಹೋಗುತ್ತಿದ್ದರು. ಕೀಲಿಯಣ್ಣನವರನ್ನು ಸುತ್ತಿನ ಕೆಲಸದಿಂದ ತೆಗೆದು, ನಿವೃತ್ತಿಯವರೆಗೆ ಉಗ್ರಾಣದಲ್ಲಿ ಕೂರಿಸುವ ಪ್ರಸ್ತಾವವೂ ಹೊರಟಿತು. ಈ ಬಗ್ಗೆ ಏನಾದರೂ ಹೇಳುವುದಿದೆಯೇ ಎಂದು ಕೇಳಲಾಗಿ, ಅವರು ನಿಂತೇ ಹೇಳಿದ್ದು:

“ಕೂರಿಸ್ತೀನಿ ಅಂದ್ರೆ ಕೂರ್ತೀನಿ ಸಾರ್, ಕುರ್ಚಿ ಏನು ಕಚ್ಚುತ್ತಾ. ಆದ್ರೆ ಒಳಗೆ ಕೂತರೆ ಆ ಹಳೇ ಪೈಪುಗಳ ಜೊತೆ ನಾನೂ ತುಕ್ಕು ಹಿಡೀತೀನಿ. ಇಪ್ಪತ್ತಾರು ವರ್ಷ ಜನ ಎದ್ದು ನಲ್ಲಿ ತಿರುಗಿಸೋ ಹೊತ್ತಿಗೆ ನೀರು ಬಿಟ್ಟಿದ್ದೀನಿ. ಅಷ್ಟು ಬಿಟ್ಟರೆ ನಂಗೆ ಬೇರೆ ಏನೂ ಬರಲ್ಲ. ಪಕ್ಕಕ್ಕೆ ಇಳೀಬೇಕಿತ್ತು ಅಂತ ಡ್ರೈವರ್ ತಮ್ಮ ಬರೆದಿದ್ದಾನಂತೆ. ಎಲ್ಲಿಗೆ ಇಳೀಲಿ? ಪಕ್ಕದಲ್ಲಿರೋದು ಚರಂಡಿ. ಕೊನೆಗೆ ಅವನು ಇಳಿಸಿದ್ದೂ ಅಲ್ಲಿಗೇ. ಕೀಲಿ ಅಡ್ಡ ಕಟ್ಟಿದ್ದು ಯಾರಿಗೂ ತಿವಿಯೋಕಲ್ಲ ಸಾರ್. ನಾನೊಬ್ಬ ಇಲ್ಲಿದ್ದೀನಿ ಅಂತ ತೋರಿಸೋಕೆ. ಗೆರೆಗೆ ಒಂದು ಡಬ್ಬಿ ಬಣ್ಣ ಕೊಡಿ, ಭಾನುವಾರ ಬಂದು ನಾನೇ ಹಚ್ಚಿಕೊಡ್ತೀನಿ. ಯಾರ ಮೇಲೂ ಸಿಟ್ಟಿಲ್ಲ. ‘ಪೆಟ್ಟಾಯ್ತಾ’ ಅನ್ನೋ ಒಂದು ಮಾತು ನಂಗೆ ಬಾಕಿ ಇದೆ. ಅದು ಬರಲಿ, ಕೀಲಿ ಬರಲಿ. ಆಮೇಲೆ ನೀವು ಏನು ಬೇಕಾದ್ರೂ ಬರ್ಕೊಳ್ಳಿ.”

ಸುತ್ತಿನ ಕೆಲಸಕ್ಕೆ ಬದಲಿ ನೌಕರರನ್ನು ನೇಮಿಸಿ, ಉಗ್ರಾಣದಿಂದ ಹೊಚ್ಚಹೊಸ ಕೀಲಿಯೊಂದನ್ನು ಕೊಟ್ಟು ಕಳುಹಿಸಲಾಯಿತು. ಅವರು ಮೊದಲ ವಾಲ್ವಿಗೆ ಕೀಲಿ ಇಳಿಸಿ ತಿರುಗಿಸಲಾಗಿ, ಕೀಲಿ ತಿರುಗಿತು, ವಾಲ್ವ್ ತಿರುಗಲಿಲ್ಲ. ಹನ್ನೊಂದರಲ್ಲೂ ಅದೇ ಕಥೆ. ಪರಿಶೀಲನೆಯಿಂದ ತಿಳಿದುಬಂದದ್ದೇನೆಂದರೆ, ಇಪ್ಪತ್ತಾರು ವರ್ಷ ಒಂದೇ ಕೀಲಿಯಲ್ಲಿ ತಿರುಗಿಸಿದ್ದರಿಂದ ವಾಲ್ವ್‌ಗಳ ಚೌಕ ತಲೆ ಸವೆದು ಬಹುಮಟ್ಟಿಗೆ ದುಂಡಾಗಿದೆ. ಕೀಲಿಯ ಬಾಯಿಯೂ ಅದರ ಜೊತೆಜೊತೆಗೇ ಸವೆದು, ಬಹುಕಾಲ ಸಂಸಾರ ಮಾಡಿದ ಗಂಡಹೆಂಡಿರ ಹಾಗೆ ಒಂದಕ್ಕೊಂದು ಹೊಂದಿಕೊಂಡಿದೆ. ಬೇರೆ ಯಾವ ಕೀಲಿಯ ಮಾತನ್ನೂ ಆ ವಾಲ್ವ್‌ಗಳು ಕಿವಿಗೆ ಹಾಕಿಕೊಳ್ಳುವುದಿಲ್ಲ.

ಹಳೆಯ ಕೀಲಿಯ ಮೇಲಿನ ಮುದ್ರೆಯನ್ನು ವಿಚಾರಣಾಧಿಕಾರಿಗಳ ಸಮ್ಮುಖದಲ್ಲಿ ಮಾತ್ರ ಒಡೆಯಬಹುದು. ವಿಚಾರಣಾಧಿಕಾರಿಗಳು ಎರಡನೆಯ ದಿನ ಆಗಮಿಸಿದರು. ದೂರದ ಪ್ರಯಾಣವಾದ್ದರಿಂದ ಮೊದಲು ಶೌಚಾಲಯಕ್ಕೆ ತೆರಳಿದರು. ಅಲ್ಲಿ ನೀರಿರಲಿಲ್ಲ. ಉಲ್ಲೇಖ 4ರ ಚೀಟಿಯನ್ನು (‘ನೀರು ಬೀರುವಿನಲ್ಲಿದೆ’) ಓದಿ, ನೀರು ಬಂದ ಮೇಲೆ ವಿಚಾರಣೆಗೆ ಬರುವುದಾಗಿ ತಿಳಿಸಿ ಅದೇ ವಾಹನದಲ್ಲಿ ಹಿಂದಿರುಗಿದರು. ವಿಚಾರಣೆಯಾಗದೆ ಮುದ್ರೆ ಒಡೆಯುವಂತಿಲ್ಲ, ಮುದ್ರೆ ಒಡೆಯದೆ ಕೀಲಿ ಇಲ್ಲ, ಕೀಲಿಯಿಲ್ಲದೆ ನೀರಿಲ್ಲ, ನೀರಿಲ್ಲದೆ ವಿಚಾರಣೆ ಇಲ್ಲ. ಮೇಲಧಿಕಾರಿಗಳ ವಸತಿಗೃಹವು ಏಳನೆಯ ವಾಲ್ವಿನ ವ್ಯಾಪ್ತಿಯಲ್ಲಿದ್ದು, ಅವರು ಇಂದು ಗಡ್ಡ ಹೆರೆಯದೆ ಕಚೇರಿಗೆ ಬಂದಿರುವುದನ್ನು ಸಿಬ್ಬಂದಿ ಗಮನಿಸಿರುತ್ತಾರೆ. ಗಮನಿಸಿಲ್ಲವೆಂದು ನಟಿಸಿಯೂ ಇರುತ್ತಾರೆ.

ಈ ಎಲ್ಲ ಅಂಶಗಳನ್ನು ಪರ್ಯಾಲೋಚಿಸಿ, ಸೈಕಲ್ ತುಳಿಯುವ ನೌಕರರೆಲ್ಲರ ಹಿತದೃಷ್ಟಿಯಿಂದ ಕೆಳಕಂಡ ನಿಯಮಗಳನ್ನು ರೂಪಿಸಿ, ಇವನ್ನು ಓದಿದವರೂ ಓದಿಲ್ಲದವರೂ ಸಮಾನವಾಗಿ ಪಾಲಿಸತಕ್ಕದ್ದೆಂದು ಈ ಕಾಗದದ ಮುಖೇನ ವಿಧಿಸಲಾಗಿದೆ.

ನಿಯಮಗಳು

1. ಸೈಕಲ್ ಸವಾರರು ರಸ್ತೆಯ ಎಡ ಅಂಚಿನಲ್ಲಿಯೇ ಸಾಗತಕ್ಕದ್ದು. ಅಂಚು ಇಲ್ಲದ ಕಡೆ, ಅದು ಇದ್ದಿದ್ದರೆ ಎಲ್ಲಿರುತ್ತಿತ್ತೋ ಅಲ್ಲಿ ಸಾಗತಕ್ಕದ್ದು.

2. ವಾಹನ ತಾಗಿ ಬೀಳಲಿರುವ ನೌಕರರು ಮೂರು ದಿನ ಮುಂಚಿತವಾಗಿ ನಿಗದಿತ ನಮೂನೆಯಲ್ಲಿ ಅರ್ಜಿ ಸಲ್ಲಿಸತಕ್ಕದ್ದು. ಅರ್ಜಿಯಲ್ಲಿ ತಾಗಲಿರುವ ವಾಹನದ ಸಂಖ್ಯೆ, ಬೀಳುವ ಸ್ಥಳ, ಬೀಳುವ ಭಂಗಿ (ಅಂಗಾತ/ಬೋರಲು/ಮಗ್ಗುಲಾಗಿ, ಅನ್ವಯಿಸದ್ದನ್ನು ಹೊಡೆದುಹಾಕಿ) ಇರತಕ್ಕದ್ದು. ತುರ್ತು ಸಂದರ್ಭದಲ್ಲಿ ಬಿದ್ದ ಮೇಲೆಯೂ ಅರ್ಜಿ ಸಲ್ಲಿಸಬಹುದು. ಆದರೆ ವಿಳಂಬಕ್ಕೆ ಕಾರಣ ಕೊಡಬೇಕು. ‘ಬಿದ್ದಿದ್ದೆ’ ಎಂಬುದನ್ನು ಕಾರಣವೆಂದು ಪರಿಗಣಿಸಲಾಗುವುದಿಲ್ಲ.

3. ಬೀಳುವವರು ಎಡಗಡೆಯ ಚರಂಡಿಗೇ ಬೀಳತಕ್ಕದ್ದು. ಬಲಗಡೆಯ ಚರಂಡಿ ಬೇರೆ ಇಲಾಖೆಯದಾಗಿದ್ದು, ಅದರಲ್ಲಿ ಬೀಳಲು ಅವರ ನಿರಾಕ್ಷೇಪಣಾ ಪತ್ರ ಬೇಕಾಗುತ್ತದೆ. ಕಳೆದ ಸಲ ನಮ್ಮವರೊಬ್ಬರು ಹಾಗೆ ಬಿದ್ದಾಗ ಉಂಟಾದ ಪತ್ರವ್ಯವಹಾರ ಇನ್ನೂ ಮುಗಿದಿಲ್ಲ. ಅವರು ನಿವೃತ್ತರಾಗಿದ್ದಾರೆ.

4. ಹಾರ್ನ್‌ಗಳ ಅರ್ಥ ತಿಳಿಯದೆ ಸವಾರರು ಗಾಬರಿಯಾಗುತ್ತಿರುವುದರಿಂದ, ಮೂವರ ಸಮಿತಿಯೊಂದು ಚಹಾ ಅಂಗಡಿಯ ಬೆಂಚಿನಲ್ಲಿ ಎರಡು ದಿನ ಕುಳಿತು, ಹದಿನಾಲ್ಕು ಟೀ ಕುಡಿದು, ಈ ಕೆಳಗಿನ ಅರ್ಥಗಳನ್ನು ನಿಗದಿಪಡಿಸಿದೆ:
(ಅ) ಒಂದು ಸಣ್ಣ ಹಾರ್ನ್: “ಬರ್ತಾ ಇದ್ದೀನಿ.”
(ಆ) ಎರಡು ಸಣ್ಣವು: “ಬಂದೇಬಿಟ್ಟೆ.”
(ಇ) ಒಂದು ಉದ್ದನೆಯದು: “ರಸ್ತೆ ಏನು ನಿಮ್ಮ ತಾತಂದಾ?”
(ಈ) ದಾಟಿ ಹೋದ ಮೇಲೂ ನಿಲ್ಲದ್ದು: ಸವಾರರಿಗೆ ಸಂಬಂಧಿಸಿದ್ದಲ್ಲ. ಚಾಲಕರ ಮನೆಯ ವಿಚಾರ.
ಇವೆಲ್ಲಕ್ಕೂ ಸವಾರರು ಸೈಕಲ್ ಗಂಟೆಯನ್ನು ಒಂದೇ ಒಂದು ಸಲ ಬಾರಿಸಿ ಉತ್ತರಿಸಬಹುದು. ಅದರ ಅರ್ಥ “ನಾನೂ ಇದ್ದೀನಿ” ಎಂದು ಸಮಿತಿ ದಾಖಲಿಸಿದೆ.

5. ಚಾಲಕರು ಬಯ್ದಲ್ಲಿ ಸವಾರರು ಮರಳಿ ಬಯ್ಯಲು ಅವಕಾಶವಿದೆ. ಆದರೆ ಬೈಗುಳ ನಾಲ್ಕು ಪದಗಳನ್ನು ಮೀರತಕ್ಕದ್ದಲ್ಲ, ಅದರಲ್ಲಿ ಯಾರ ತಾಯಿಯೂ ಬರತಕ್ಕದ್ದಲ್ಲ, ಮತ್ತು ಅದನ್ನು ವಾಹನದ ನಂಬರ್ ಪ್ಲೇಟನ್ನು ಉದ್ದೇಶಿಸಿ ಆಡತಕ್ಕದ್ದು. ಇಲಾಖೆಯ ಅನುಮೋದಿತ ಬೈಗುಳಗಳ ಪಟ್ಟಿಯನ್ನು ಅನುಬಂಧದಲ್ಲಿ ಲಗತ್ತಿಸಬೇಕಾಗಿತ್ತು. ಬೆರಳಚ್ಚುಗಾರ್ತಿಯವರು, “ನಾನು ಇದನ್ನೆಲ್ಲ ಹೊಡೆಯಲ್ಲ, ಬೇಕಾದ್ರೆ ನೀವೇ ಕೂತು ಹೊಡ್ಕೊಳ್ಳಿ” ಎಂದು ಹಿಂದಿರುಗಿಸಿರುವುದರಿಂದ ಲಗತ್ತಿಸಿಲ್ಲ. ಅಲ್ಲಿಯವರೆಗೆ ಸವಾರರು ತಮ್ಮ ಸ್ವಂತ ಸಂಗ್ರಹವನ್ನು ಬಳಸಿಕೊಳ್ಳಬಹುದು.

6. ಫೋನಿನಲ್ಲಿ ಮಾತನಾಡುತ್ತ ವಾಹನ ಓಡಿಸುವವರು ಎದುರಾದರೆ, ಅವರ ಮಾತು ಮುಗಿಯುವವರೆಗೆ ಸವಾರರು ರಸ್ತೆ ಬಿಟ್ಟು ಕಾಯತಕ್ಕದ್ದು. ಮಾತು ಗಂಡಹೆಂಡಿರ ನಡುವಿನದೆಂದು ಮುಖದಿಂದ ತಿಳಿದುಬಂದಲ್ಲಿ ಅರ್ಧ ದಿನದ ರಜೆ ಹಾಕಬಹುದು.

7. ರಸ್ತೆ ಬದಿಯಲ್ಲಿ ನಿಂತಿರುವ ಪ್ರತಿಯೊಂದು ಕಾರಿನ ಬಾಗಿಲೂ ಈಗಲೇ ತೆರೆದುಕೊಳ್ಳಲಿದೆ ಎಂದು ಸವಾರರು ಭಾವಿಸತಕ್ಕದ್ದು. ಕಾರಿನಲ್ಲಿ ಯಾರೂ ಇಲ್ಲದಿದ್ದರೂ ಭಾವಿಸತಕ್ಕದ್ದು. ಬಾಗಿಲೇ ಇಲ್ಲದ ವಾಹನಗಳಿಗೆ ಸಂಬಂಧಿಸಿದಂತೆ ಪ್ರತ್ಯೇಕ ಆದೇಶ ಹೊರಡಿಸಲಾಗುವುದು.

8. ರಸ್ತೆಯ ಗುಂಡಿಗಳನ್ನು ತಪ್ಪಿಸಲು ಸೈಕಲ್ಲೂ ಲಾರಿಯೂ ಏಕಕಾಲಕ್ಕೆ ಪ್ರಯತ್ನಿಸುವುದು ಅಪಘಾತಗಳಿಗೆ ಕಾರಣವಾಗಿದೆ. ಆದ್ದರಿಂದ ಗುಂಡಿಗಳಿಗೆ ಸುಣ್ಣದಲ್ಲಿ ಸಂಖ್ಯೆ ಬರೆದು, ಸಮಸಂಖ್ಯೆಯವನ್ನು ಲಾರಿಗಳಿಗೂ ಬೆಸಸಂಖ್ಯೆಯವನ್ನು ಸೈಕಲ್‌ಗಳಿಗೂ ಹಂಚಲಾಗಿದೆ. ಹಂಚಿಕೆಯಾದ ಗುಂಡಿಯಲ್ಲಿ ಇಳಿಯದೆ ಹೋಗುವುದು ಕರ್ತವ್ಯಲೋಪ. ಬರೆದ ಸಂಖ್ಯೆಯನ್ನು ಓದಲು ಗುಂಡಿಯ ಹತ್ತಿರ ಬಗ್ಗಿ ನಿಂತಿದ್ದ ಎಣಿಕೆದಾರರು ಈಗ ಆಸ್ಪತ್ರೆಯಿಂದ ಮನೆಗೆ ಬಂದಿದ್ದು, ಚೇತರಿಸಿಕೊಳ್ಳುತ್ತಿದ್ದಾರೆ.

9. ಕೈಬಿಡಲಾಗಿದೆ. (‘ಸವಾರರು ಹಿಂದೆ ನೋಡುತ್ತ ಮುಂದೆ ಸಾಗತಕ್ಕದ್ದು’ ಎಂಬ ಈ ನಿಯಮವನ್ನು ಪ್ರಯೋಗಾರ್ಥವಾಗಿ ಪಾಲಿಸಿದ ಜವಾನರು ಕಚೇರಿಯ ಗೇಟಿಗೇ ಗುದ್ದಿರುತ್ತಾರೆ. ಗೇಟು ಮುಚ್ಚಿತ್ತು.)

10. ಸೈಕಲ್ಲನ್ನು ದಾಟುವ ವಾಹನ ಎಷ್ಟು ದೂರ ಬಿಟ್ಟು ದಾಟಬೇಕು ಎಂಬುದೇ ಈ ಇಡೀ ತಕರಾರಿನ ಮೂಲವೆಂದು ಕಂಡುಬಂದಿದೆ. ಚಾಲಕರು “ಸಾಕಷ್ಟು ದೂರ ಬಿಟ್ಟಿದ್ದೆ” ಎಂದಿದ್ದಾರೆ. ಕೀಲಿಯಣ್ಣನವರು “ಜೀಪಿನ ಬಿಸಿ ಕಿವಿಗೆ ತಾಗ್ತು” ಎಂದಿದ್ದಾರೆ. ಆದ್ದರಿಂದ ಒಂದು ನಿಶ್ಚಿತ ಅಳತೆ ಬೇಕಾಯಿತು. ಶಾಖೆಯ ಅಳತೆ ಟೇಪನ್ನು ತರಿಸಲಾಗಿ, ಮೊದಲ ಮೂರು ಅಡಿಗಳನ್ನು ಇಲಿಗಳು ತಿಂದಿದ್ದವು. ಮರದ ಅಳತೆಕೋಲನ್ನು ಕಿಟಕಿಗೆ ಊರುಗೋಲಾಗಿ ಕೊಟ್ಟಿದ್ದು, ತೆಗೆದರೆ ಕಿಟಕಿ ಬೀಳುತ್ತದೆ. ಇಲಾಖೆಯ ದಾಸ್ತಾನು ಪುಸ್ತಕದಲ್ಲಿ ಉದ್ದವನ್ನು ಸ್ಪಷ್ಟವಾಗಿ ನಮೂದಿಸಿ, ಇಪ್ಪತ್ತಾರು ವರ್ಷದ ಹಿಂದೆ ಅಧಿಕಾರಿಗಳ ಸಹಿ ಪಡೆದಿರುವ ನೇರವಾದ ವಸ್ತು ಒಂದೇ ಒಂದು ಸಿಕ್ಕಿತು: ವಾ. ಕೀಲಿ, ಕಬ್ಬಿಣದ್ದು, ನಾಲ್ಕೂವರೆ ಅಡಿ, ಒಂದು.

ಆದುದರಿಂದ ಸೈಕಲ್ಲಿಗೂ ದಾಟುವ ವಾಹನಕ್ಕೂ ನಡುವೆ ಇರಬೇಕಾದ ಕನಿಷ್ಠ ಅಂತರವನ್ನು ‘ಒಂದು ಕೀಲಿ’ ಎಂದು ಗೊತ್ತುಪಡಿಸಲಾಗಿದೆ. ಸದರಿ ಕೀಲಿ ಇಂದಿನಿಂದ ಇಲಾಖೆಯ ಅಧಿಕೃತ ಮಾನದಂಡ. ಮಾನದಂಡಗಳು ಸಾಕ್ಷ್ಯವಸ್ತುಗಳಲ್ಲ. ಸಾಕ್ಷ್ಯವಸ್ತುವಲ್ಲದ್ದಕ್ಕೆ ಮುದ್ರೆ ಇಡುವಂತಿಲ್ಲ. ಆದ್ದರಿಂದ ಕೀಲಿಗೆ ಸುತ್ತಿದ ಬಟ್ಟೆಯ ಮೇಲಿರುವುದು ಮುದ್ರೆಯಲ್ಲ, ಬರಿಯ ಅರಗು. ಅರಗನ್ನು ತೆಗೆಯಲು ಯಾರ ಸಮ್ಮುಖವೂ ಬೇಕಿಲ್ಲ. ಇಂದು ಮಧ್ಯಾಹ್ನ ಹನ್ನೆರಡೂಕಾಲಿಗೆ ಜವಾನರು ಅದನ್ನು ಕೆರೆದು ತೆಗೆದರು. ಆ ಹೊತ್ತಿಗೆ ಸಿಬ್ಬಂದಿಯೆಲ್ಲ ಎದ್ದು ನಿಂತಿದ್ದರು. ಹಾಗೆ ನಿಲ್ಲುವಂತೆ ಯಾವುದೇ ಆದೇಶವಿರಲಿಲ್ಲ.

11. ಮಾನದಂಡವು ಚಾಲಕರಿಗೆ ಕಾಣುವಂತಿರಬೇಕಾದ್ದರಿಂದ ಅದನ್ನು ಸೈಕಲ್ಲಿನ ಕ್ಯಾರಿಯರಿನ ಮೇಲೆ ಅಡ್ಡಕ್ಕೆ, ಬಲಕ್ಕೆ ಚಾಚುವಂತೆ ಕಟ್ಟತಕ್ಕದ್ದು. ತುದಿಯಲ್ಲಿ ಕೆಂಪು ಬಟ್ಟೆ ಇರತಕ್ಕದ್ದು. ಬಟ್ಟೆಯನ್ನು ಸರಬರಾಜು ಮಾಡಲು ಇಲಾಖೆಯಲ್ಲಿ ಅವಕಾಶವಿಲ್ಲ. ಈಗಿರುವುದನ್ನೇ ಮುಂದುವರಿಸಲಾಗಿದೆ. ಜೀಪಿನ ಗೆರೆಯನ್ನು ಅಳಿಸತಕ್ಕದ್ದಲ್ಲ. ಅದು ಮಾನದಂಡದ ಪ್ರಕಾರ ಅಂತರ ಕಡಿಮೆಯಾಗಿತ್ತೆಂಬುದಕ್ಕೆ ಇಲಾಖೆಯ ಬಳಿಯಿರುವ ಏಕೈಕ ಲಿಖಿತ ದಾಖಲೆ. ಡಬ್ಬಿ ಬಣ್ಣ ಕೇಳಿದ ಕೀಲಿಯಣ್ಣನವರ ಕೋರಿಕೆಯನ್ನು ಈ ಕಾರಣದಿಂದ ತಿರಸ್ಕರಿಸಲಾಗಿದೆ.

12. ಕೀಲಿಯಣ್ಣನವರನ್ನು ಉಗ್ರಾಣದಲ್ಲಿ ಕೂರಿಸುವ ಪ್ರಸ್ತಾವವನ್ನು ಹಿಂತೆಗೆದುಕೊಳ್ಳಲಾಗಿದೆ. ಹನ್ನೊಂದು ವಾಲ್ವ್‌ಗಳೂ ಈ ವಿಷಯದಲ್ಲಿ ತಮ್ಮ ಅಭಿಪ್ರಾಯವನ್ನು ಈಗಾಗಲೇ ಸ್ಪಷ್ಟಪಡಿಸಿರುತ್ತವೆ. ಬದಲಿ ನೌಕರರು ಹೊಸ ಕೀಲಿಯೊಂದಿಗೆ ಉಗ್ರಾಣಕ್ಕೆ ಹಿಂದಿರುಗತಕ್ಕದ್ದು.

13. ಉಲ್ಲೇಖ 2 ಮತ್ತು 3ರಲ್ಲಿ ನಮೂದಾಗಿರುವ ‘ಪೆಟ್ಟಾಯ್ತಾ’ ಎಂಬ ಮಾತಿನ ಬಾಕಿಯನ್ನು ಪರಿಶೀಲಿಸಲಾಯಿತು. ಇದು ಎರಡು ಬಾಯಿಗಳಿಂದ ಬರಬೇಕಾಗಿದ್ದು, ಎರಡರಿಂದಲೂ ಬಂದಿರುವುದಿಲ್ಲ. ಈ ಬಾಕಿಯನ್ನು ಮನ್ನಾ ಮಾಡಲು, ಕಂತಿನಲ್ಲಿ ಪಡೆಯಲು, ಅಥವಾ ಬೇರೆಯವರ ಮೂಲಕ ತಲುಪಿಸಲು ನಿಯಮಗಳಲ್ಲಿ ಅವಕಾಶ ಕಂಡುಬಂದಿಲ್ಲ. ಆದ್ದರಿಂದ ಸಂಬಂಧಪಟ್ಟವರು ಮೂರು ದಿನಗಳೊಳಗೆ ಖುದ್ದಾಗಿ ಹಾಜರಾಗಿ, ಎಂಜಿನ್ ನಿಲ್ಲಿಸಿ, ವಾಹನದಿಂದ ಕೆಳಗಿಳಿದು, ಎರಡೂ ಕಾಲುಗಳು ನೆಲದ ಮೇಲಿರುವಂತೆ ನಿಂತು, ಸದರಿ ಮಾತನ್ನು ಕೇಳತಕ್ಕದ್ದು. ಕೇಳುವಾಗ ಗೆರೆಯ ಕಡೆ ನೋಡತಕ್ಕದ್ದಲ್ಲ.

14. ಈ ನಿಯಮಗಳು ಬೇರೆ ನಿಯಮಗಳಿಗೆ ವಿರುದ್ಧವಾದಲ್ಲಿ, ಹಿಂದಿನಿಂದ ಯಾವ ವಾಹನ ಬರುತ್ತಿದೆ ಎಂಬುದನ್ನು ನೋಡಿಕೊಂಡು ತೀರ್ಮಾನಿಸತಕ್ಕದ್ದು.

(ಸಹಿ)
ಶಾಖಾಧಿಕಾರಿ, ಪ್ರಭಾರ
(ಕಾಯಂ ಶಾಖಾಧಿಕಾರಿಗಳು ನೀರು ಬರುವವರೆಗೆ ರಜೆಯಲ್ಲಿರುವುದರಿಂದ)

ಪ್ರತಿಗಳು:

1. ವಿಚಾರಣಾಧಿಕಾರಿಗಳಿಗೆ, ಶೌಚಾಲಯದಲ್ಲಿ ಇಂದು ಮಧ್ಯಾಹ್ನ ಎರಡೂಮುಕ್ಕಾಲಿನಿಂದ ನೀರು ಬರುತ್ತಿದೆ ಎಂಬ ಸವಿನಯ ಮಾಹಿತಿಯೊಂದಿಗೆ. ವಿಚಾರಿಸಲು ಈಗ ಏನೂ ಉಳಿದಿಲ್ಲ.

2. ಬಲಗಡೆಯ ಚರಂಡಿಯ ಇಲಾಖೆಗೆ, ನಿಯಮ 3ರ ಸಂಬಂಧ, ಅವರ ಹದಿನೇಳನೆಯ ನೆನಪೋಲೆಗೆ ಉತ್ತರವಾಗಿ.

3. ಉಗ್ರಾಣ ಪಾಲಕರಿಗೆ, ಹೊಸ ಕೀಲಿಯನ್ನು ಕಿಟಕಿಗೆ ಊರುಗೋಲಾಗಿ ಕೊಟ್ಟು ಅಳತೆಕೋಲನ್ನು ಬಿಡಿಸಿಕೊಳ್ಳುವಂತೆ.

4. ನೀರು ಬಿಡುವವರಿಗೆ, ಮಾನದಂಡದ ಸಮೇತ, ಕೈಗೆ. (ಸ್ವೀಕೃತಿ: ಹೆಬ್ಬೆಟ್ಟಿನಷ್ಟು ಗ್ರೀಸಿನ ಗುರುತು. ‘ಓದಲಿಕ್ಕೆ ಆಮೇಲೆ, ಮೊದಲು ನೀರು’ ಎಂದು ಹೇಳಿ ಹೊರಟಿರುತ್ತಾರೆ.)

5. ಜೀಪ್ ಚಾಲಕರಿಗೆ, ನಿಯಮ 13ರ ಪಾಲನೆಗಾಗಿ. (ಎರಡನೆಯ ದಿನ ಪಾಲನಾ ವರದಿಯೊಂದಿಗೆ ಮರಳಿದೆ. ಅವರ ಕೈಬರಹದಲ್ಲಿ: “ಬೆಳಗ್ಗೆ ಏಳನೇ ವಾಲ್ವ್ ಹತ್ರ ಹೋದೆ. ಅಣ್ಣ ಸುತ್ತು ಎಣಿಸ್ತಾ ಇದ್ರು, ಇಪ್ಪತ್ತೊಂದಕ್ಕೆ ಬಂದಿತ್ತು. ಮಧ್ಯೆ ಮಾತಾಡಿಸಿದ್ರೆ ಲೆಕ್ಕ ತಪ್ಪುತ್ತೆ ಅಂತ ಸೈಕಲ್ ಹಿಡ್ಕೊಂಡು ಮೂವತ್ತೆಂಟರ ತನಕ ನಿಂತೆ. ಅಷ್ಟರಲ್ಲಿ ಒಂದು ಲಾರಿ ನನ್ನ ಮೈಗೆ ಒರಸಿಕೊಂಡೇ ಹೋಯ್ತು. ಆಮೇಲೆ ‘ಪೆಟ್ಟಾಯ್ತೇನಣ್ಣಾ ಅವತ್ತು’ ಅಂತ ಕೇಳಿದೆ. ‘ಆಗಿತ್ತು ಕಣಪ್ಪಾ’ ಅಂದ್ರು. ಕೀಲಿನ ಗುಂಡಿಯಿಂದ ಎತ್ತುತ್ತಾ, ‘ನಿಂಗೆ?’ ಅಂತ ಕೇಳಿದ್ರು.”) ಬಾಕಿ ತೀರಿದೆ.

6. ಚಹಾ ಅಂಗಡಿಯವರಿಗೆ, ಸಕ್ಕರೆಯ ವಿಷಯ ಈ ಇಲಾಖೆಯ ವ್ಯಾಪ್ತಿಗೆ ಬರುವುದಿಲ್ಲವೆಂಬ ಸ್ಪಷ್ಟೀಕರಣದೊಂದಿಗೆ. (ಸದ್ಯಕ್ಕೆ ಅರ್ಧ ಚಮಚ ಹಾಕುತ್ತಿರುವುದಾಗಿ ತಿಳಿಸಿರುತ್ತಾರೆ.)

7. ಮೇಲಧಿಕಾರಿಗಳಿಗೆ, ಅವಗಾಹನೆಗಾಗಿ; ವಿಶೇಷವಾಗಿ ನಿಯಮ 13ರಲ್ಲಿ ‘ಎರಡು ಬಾಯಿ’ ಎಂದಿರುವ ಭಾಗ. (‘ನೋಡಿದೆ’ ಎಂಬ ಒಂದು ಪದ ಮತ್ತು ಕಿರುಸಹಿಯೊಂದಿಗೆ ಮರಳಿದೆ. ಗಡುವು ಮುಗಿದಿದೆ. ಬಾಕಿ ಉಳಿದಿದೆ. ಏಳನೆಯ ವಾಲ್ವ್ ಎಂದಿನಂತೆ ಮೂವತ್ತೆಂಟು ಸುತ್ತು ತಿರುಗುತ್ತಿದ್ದು, ನೀರು ಬಿಡುವವರು ಒಂದು ಸುತ್ತನ್ನೂ ಕಡಿಮೆ ಮಾಡಿರುವುದಿಲ್ಲ.)

8. ನೀರು ಬಿಡುವವರ ಹೆಂಡತಿಯವರಿಗೆ, ಮಾಹಿತಿಗಾಗಿ ಮಾತ್ರ. ಘಟನೆಯ ದಿನವೇ, ಬಾಗಿಲಲ್ಲಿಯೇ, ಸೈಕಲ್ಲನ್ನೂ ನೋಡದೆ ಕೀಲಿಯನ್ನೂ ಕೇಳದೆ ಸದರಿ ಮಾತನ್ನು ಕೇಳಿರುವುದರಿಂದ ಅವರ ಕಡೆಯಿಂದ ಯಾವುದೇ ಬಾಕಿ ಇರುವುದಿಲ್ಲ.